ಮನೇಲೇ ಇರ್ತೀಯಲ್ಲ

ಕೂಡ್ಲೂರಿನ ಕಾಫಿ ಕ್ಯೂರಿಂಗ್ ಶೆಡ್ಡಿನ ಸೈರನ್
ಎಂಟಕ್ಕೆ ಎರಡು ನಿಮಿಷ ಇರುವಾಗಲೇ ಕೂಗುತ್ತದೆ.
ಅದರ ಗಡಿಯಾರ ಮುಂದಿದೆ, ಇಪ್ಪತ್ತು ವರ್ಷದಿಂದ
ಯಾರೂ ಸರಿಮಾಡಿಲ್ಲ. ನನ್ನ ಆಫೀಸೂ
ಅದೇ ತಪ್ಪು ಹೊತ್ತಿಗೆ ತೆರೆಯುತ್ತದೆ.

ಆಫೀಸೆಂದರೆ ಅಡುಗೆಮನೆಗೂ ಬಚ್ಚಲಿಗೂ ನಡುವೆ
ಒಂದು ಮೇಜು, ಗೋಡೆಗೆ ಮುಖ.
ಮೊದಲ ತಿಂಗಳು ಕಿಟಕಿಯ ಕಡೆ ಕೂತಿದ್ದೆ,
ಮಡಿಕೇರಿಗೆ ಹೋಗುವ ಬಸ್ಸುಗಳನ್ನೆಲ್ಲ ಎಣಿಸಿದ್ದೇ ಬಂತು.
ಈಗ ಸುಣ್ಣದಲ್ಲಿ ಒಂದು ಬಿರುಕು, ಅಷ್ಟೆ.
ಒಂದೇ ದಿನಕ್ಕೆ ನೋಡಿ ಮುಗಿಯಿತು.

ಮೈಸೂರಿನ ಆಸ್ಪತ್ರೆಯ ಡಾಕ್ಟರುಗಳು ಫೋನಿಗೆ ಹೇಳಿದ್ದನ್ನು
ಕಿವಿಯಲ್ಲಿ ಹಿಡಿದು ಅಕ್ಷರ ಮಾಡುವುದು ನನ್ನ ಕೆಲಸ.
ಮೂಳೆ ಡಾಕ್ಟರು ಇಡ್ಲಿ ಅಗಿಯುತ್ತ ಮಾತಾಡುತ್ತಾರೆ.
ಇನ್ನೊಬ್ಬರ ಹಿಂದೆ ಸದಾ ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುತ್ತಿರುತ್ತದೆ.
ನಿಮಿಷಕ್ಕೆ ಇಷ್ಟು ಅಂತ ದುಡ್ಡು.
ಮೇಸ್ತ್ರಿಯಿಲ್ಲ, ಹಾಜರಿ ಪುಸ್ತಕವಿಲ್ಲ,
ಬೈಯುವವರಿಲ್ಲ. ಅದೇ ಕಷ್ಟ.

ಮನೇಲೇ ಇರ್ತೀಯಲ್ಲ ಅಂತ
ಸಿಲಿಂಡರಿನವನ ಕಾಸು ನನ್ನ ಕೈಗಿತ್ತು ಹೋಗುತ್ತಾರೆ ಮಾಚಯ್ಯನವರು.
ಮನೇಲೇ ಇರ್ತೀಯಲ್ಲ ಅಂತ
ಸಕೀನಾ ಮಗುವನ್ನು ಹೊಸ್ತಿಲಲ್ಲೇ ಇಳಿಸುತ್ತಾಳೆ.
ಫಾದರ್ ಕೂಡ, ಹಬ್ಬಕ್ಕೆ ಮುನ್ನೂರು ಕಾಗದದ ಹೂ ಕತ್ತರಿಸು ಅಂತ.
ಬೇರೆಯವರ ಮಾತೇಕೆ, ನಾನೇ ನನಗೆ ಹೇಳಿಕೊಳ್ಳುತ್ತೇನೆ:
ಮನೇಲೇ ಇದ್ದೀಯಲ್ಲ, ಎರಡು ಬಟ್ಟೆ ನೆನೆಹಾಕಿ ಬಾ,
ಹಂದಿ ಮಾಂಸಕ್ಕೆ ಕಾಚಂಪುಳಿ ಸವರಿಡು, ಐದು ನಿಮಿಷ.
ಐದು ನಿಮಿಷ ಹನ್ನೊಂದೂವರೆಗೆ ಮುಗಿಯುತ್ತದೆ.

ಅಮ್ಮ ಅದೇ ಶೆಡ್ಡಿನಲ್ಲಿ ಬೀಜ ಆರಿಸುತ್ತಿದ್ದವಳು,
ಮೂವತ್ತೊಂದು ವರ್ಷ. ಬೆಲ್ಟಿನ ಮೇಲೆ ಹರಿದು ಬರುವ ಕಾಫಿಯಲ್ಲಿ
ಕಪ್ಪು, ಒಡಕು, ಹುಳ ಕೊರೆದದ್ದು.
ಅವಳ ಹೆಬ್ಬೆರಳಿಗೆ ಈಗಲೂ ಅದೇ ಚಟ,
ಅಕ್ಕಿಯಲ್ಲಿ, ಜಪಮಾಲೆಯ ಮಣಿಗಳಲ್ಲಿ ಕೂಡ
ಏನೋ ಒಂದನ್ನು ಪಕ್ಕಕ್ಕೆ ತಳ್ಳುತ್ತದೆ.

ಬುಧವಾರ ಸೈರನ್ ಕೂಗಲಿಲ್ಲ.
ನಾನು ಹಾಸಿಗೆಗೇ ಲ್ಯಾಪ್‌ಟಾಪ್ ಎಳೆದುಕೊಂಡೆ,
ಸೊಂಟದವರೆಗೆ ಕಂಬಳಿ, ತಲೆ ಬಾಚಿಲ್ಲ,
ಒಂದು ಕಿವಿಯಲ್ಲಿ ಡಾಕ್ಟರು, ಇನ್ನೊಂದರಲ್ಲಿ ಯಾರದೋ ರೀಲ್ಸ್.
ಅರವತ್ತೆರಡು ವರ್ಷದ ಒಬ್ಬ ಹೆಂಗಸಿನ
ಎಡ ಮೊಣಕಾಲನ್ನು ಬಲಕ್ಕೆ ಹಾಕಿದೆ.

ಆಸ್ಪತ್ರೆಯವರು ಹಿಡಿದರು, ಪುಣ್ಯ.
ಸಂಜೆ ಒಂದೇ ಸಾಲಿನ ಮೇಲ್: ದಯವಿಟ್ಟು ಗಮನಿಸಿ.
ಹೆಸರು ಹಿಡಿದು ಬೈದಿದ್ದರೆ
ನಾನೂ ತಿರುಗಿ ಏನಾದರೂ ಅಂದು ಮಲಗುತ್ತಿದ್ದೆ.

ರಾತ್ರಿ ಅಮ್ಮನಿಗೆ ಹೇಳಿದೆ. ಯಾವ ಕಾಲು, ಅಂದಳು.
ತನಗೇ ತಿಳಿಯದೆ ತನ್ನ ಎಡ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡಳು.
ಆಮೇಲೆ, "ಕೈ ತೊಳೆದು ಕೂತಿದ್ಯಾ?"
ಇಲ್ಲ.
"ತಲೆಗೆ ಬಟ್ಟೆ?"
ಅಮ್ಮಾ, ಇದು ಕಾಫಿ ಅಲ್ಲ.
"ಕೂದಲು ಬೀಳಬಾರದು ಅಂತ ಕಟ್ಟುತ್ತಿದ್ದೆವು ಅಂದ್ಕೊಂಡ್ಯಾ?
ಮೇಸ್ತ್ರಿ ಹಾಗನ್ನುತ್ತಿದ್ದ. ಕಟ್ಟಿದ ಮೇಲೆ ನಾನು
ಯಾರ ಹೆಂಡತಿಯೂ ಅಲ್ಲ, ಯಾರ ತಾಯಿಯೂ ಅಲ್ಲ,
ನಾಲ್ಕನೇ ಬೆಲ್ಟಿನ ಫಿಲೋಮಿನಾ.
ಬಿಚ್ಚುವವರೆಗೆ ನೀನು ಅತ್ತರೂ ಕೇಳಿಸುತ್ತಿರಲಿಲ್ಲ."
ಹಾಗಂದು ಸುಮ್ಮನಾದಳು.
ಕೇಳಿಸುತ್ತಿತ್ತು ಅಂತ ಕಾಣುತ್ತದೆ.

ಟ್ರಂಕಿನಿಂದ ತೆಗೆದ ಆ ಹಳದಿ ತುಂಡು ಈಗ ನನ್ನ ತಲೆಗೆ,
ಅದರ ಮೇಲೆ ಹೆಡ್‌ಫೋನು.
ಕನ್ನಡಿಯಲ್ಲಿ ನೋಡಿದರೆ ನಗು ಬರುತ್ತದೆ,
ಅದಕ್ಕೇ ನೋಡುವುದಿಲ್ಲ.
ದಿನವೂ ನಡೆಯುತ್ತದೆ ಅಂತಲ್ಲ. ಶುಕ್ರವಾರ ನಿದ್ದೆ ಗೆದ್ದಿತು,
ಶನಿವಾರ ಸಕೀನಾಳ ಮಗು.

ಇವತ್ತು ಎಂಟಕ್ಕೆ ಎರಡು ನಿಮಿಷ. ಗಂಟು ಬಿಗಿಯುತ್ತಿದ್ದೆ,
ಬಾಗಿಲಿಗೆ ಮಾಚಯ್ಯನವರ ಬೆತ್ತ ತಾಗಿದ ಸದ್ದು.
"ಮನೇಲಿದ್ದೀಯೇನಮ್ಮಾ?"
ಇಲ್ಲ, ಅಂದೆ, ಒಳಗಿನಿಂದ, ಗಟ್ಟಿಯಾಗಿ.
ಒಂದು ಗಂಟೆಗೆ ಬರ್ತೇನೆ.

ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ.
ಆಮೇಲೆ ಸಿಲಿಂಡರಿನ ಕಾಸು
ಬಾಗಿಲಡಿಯ ಸಂದಿಯಿಂದ
ಒಂದೊಂದೇ ನೋಟಾಗಿ, ಮೆಲ್ಲಗೆ, ಒಳಗೆ ಬಂತು.